ಕಾಟರಿ ಮಿಷಿನ್ ಅಂಗಾಂಶವನ್ನು ತಪ್ಪಾಗಿ ಓದಿದಾಗ: ಉತ್ತರ ಕನ್ನಡದ ಓಟಿಗಳಿಗೆ ದೋಷ ಹುಡುಕುವ ದಾರಿ

"ಪವರ್ ಸ್ವಲ್ಪ ಜಾಸ್ತಿ ಮಾಡಿ." ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಡಾಕ್ಟರು ಈ ಮಾತನ್ನು ಎರಡನೇ ಸಲ ಹೇಳಿದರು ಅಂದರೆ, ವಿದ್ಯುತ್ತಿನ ಬಿಸಿಯಿಂದ ಅಂಗಾಂಶ ಕತ್ತರಿಸುವ, ರಕ್ತ ನಿಲ್ಲಿಸುವ ಕಾಟರಿ ಮಿಷಿನ್ನಿನ ಗುಂಡಿ ಒತ್ತುವ ಮೊದಲು ಪೇಷಂಟ್ ಪ್ಲೇಟ್ ನೋಡಬೇಕು. ರೋಗಿಯ ಮೈಗೆ ಅಂಟಿಸಿ, ವಿದ್ಯುತ್ತನ್ನು ಮಿಷಿನ್ನಿಗೆ ವಾಪಸ್ ತರುವ ಪ್ಲೇಟ್ ಅದು. ನಿನ್ನೆ 35 ವ್ಯಾಟ್‌ನಲ್ಲಿ ಸಲೀಸಾಗಿ ನಡೆದ ಕೆಲಸಕ್ಕೆ ಇವತ್ತು 60 ಸಾಲುತ್ತಿಲ್ಲ ಅಂತಾದರೆ ದಾರಿಯಲ್ಲೆಲ್ಲೋ ವಿದ್ಯುತ್ತು ಸೋರುತ್ತಿದೆ, ಇಲ್ಲವೇ ತಡೆದು ನಿಂತಿದೆ. ಆಗ ಪವರ್ ಏರಿಸಿದರೆ ಹೆಚ್ಚಿದ ಬಿಸಿ ದೋಷ ಇರುವ ಜಾಗದಲ್ಲೇ ಹುಟ್ಟುತ್ತದೆ. ಆ ಜಾಗ ರೋಗಿಯ ತೊಡೆಯ ಚರ್ಮವೂ ಆಗಿರಬಹುದು.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮತ್ತು ಘಟ್ಟದ ಮೇಲೆ ಶಿರಸಿ ಭಾಗದ ಸಣ್ಣ ಆಸ್ಪತ್ರೆಗಳ ಓಟಿ ಉಪಕರಣ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಕಂಪನಿ ಇಂಜಿನಿಯರ್ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬರಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದರೆ ಇನ್ನೂ ತಡ. ಹಾಗಾಗಿ ಮೊದಲ ಹಂತದ ಪತ್ತೆ ಇಲ್ಲಿನವರ ಕೈಯಲ್ಲೇ ಆಗಬೇಕು. ಓಟಿ ಟೆಕ್ನೀಷಿಯನ್‌ಗಳು, ಸಿಸ್ಟರ್‌ಗಳು, ಬಯೋಮೆಡಿಕಲ್ ಕೆಲಸಕ್ಕೆ ಹೊಸದಾಗಿ ಸೇರಿದವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಕಟ್ಟುನಿಟ್ಟು ಇದೆ. ರೋಗಿ ಟೇಬಲ್ ಮೇಲೆ ಇರುವಾಗ ಪ್ಲೇಟ್, ಕೇಬಲ್, ತುದಿ ಇಷ್ಟನ್ನು ಮಾತ್ರ ನೋಡಿ. ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆ ಮಿಷಿನ್ ತನ್ನಿ. ಉಳಿದ ಪರೀಕ್ಷೆಯೆಲ್ಲ ಓಟಿ ಖಾಲಿಯಾದ ಮೇಲೆ.

ಮಿಷಿನ್ ನೋಡುವುದು ಏನನ್ನು?

ಕಾಟರಿ ಮಿಷಿನ್ ಕೊಡುವುದು ಬಲು ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು. ಹೆಚ್ಚಿನ ಮಿಷಿನ್‌ಗಳಲ್ಲಿ ಅದು 300ರಿಂದ 500 ಕಿಲೋಹರ್ಟ್ಸ್ ಆಸುಪಾಸು. 100 ಕಿಲೋಹರ್ಟ್ಸ್ ದಾಟಿದ ಮೇಲೆ ನರ, ಸ್ನಾಯು ಸೆಟೆದುಕೊಳ್ಳುವುದಿಲ್ಲ, ಬಿಸಿ ಮಾತ್ರ ಆಗುತ್ತದೆ. 1926ರಲ್ಲಿ ಬಾಸ್ಟನ್‌ನಲ್ಲಿ ವಿಲಿಯಂ ಬೋವಿ ಕಟ್ಟಿದ ಮಿಷಿನ್ನನ್ನು ಸರ್ಜನ್ ಹಾರ್ವೆ ಕುಶಿಂಗ್ ಬಳಸಿದಾಗ, ಶಕ್ತಿ ಎಷ್ಟು ಸಾಕು ಅನ್ನುವುದು ಪೂರ್ತಿ ಕಣ್ಣಂದಾಜು. ಇವತ್ತಿನ ಮಿಷಿನ್ ಕೆಲಸ ನಡೆಯುತ್ತಿರುವಾಗಲೇ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆಯುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅಂಗಾಂಶ ಒಡ್ಡುವ ತಡೆ ಸಿಗುತ್ತದೆ. ಇದಕ್ಕೇ ಇಂಪೆಡೆನ್ಸ್ ಅನ್ನುವುದು. ಸೆಕೆಂಡಿಗೆ ನೂರಾರು ಸಲ, ಹೊಸ ಮಿಷಿನ್‌ಗಳಲ್ಲಿ ಸಾವಿರಾರು ಸಲ ಈ ಲೆಕ್ಕ ನಡೆಯುತ್ತದೆ. ಅದಕ್ಕೆ ತಕ್ಕಂತೆ ಔಟ್‌ಪುಟ್ ಏರುತ್ತದೆ, ಇಳಿಯುತ್ತದೆ.

ಇದು ಯಾಕೆ ಬೇಕು ಅಂತ ಒಂದು ಲೆಕ್ಕದಲ್ಲಿ ನೋಡೋಣ. 300 ಓಮ್ ತಡೆ ಇರುವ ಕಡೆ 60 ವ್ಯಾಟ್ ಕೊಡಲು ಸುಮಾರು 134 ವೋಲ್ಟ್ ಸಾಕು. ತುದಿ ಅಲ್ಲಿಂದ ಕೊಬ್ಬಿನ ಪದರಕ್ಕೆ ಜಾರಿತು, ತಡೆ 1500 ಓಮ್ ಆಯಿತು ಅಂದುಕೊಳ್ಳಿ. ವೋಲ್ಟೇಜ್ ಅಷ್ಟೇ ಇದ್ದರೆ ಸಿಗುವುದು 12 ವ್ಯಾಟ್. ಅದೇ 60 ವ್ಯಾಟ್ ಬೇಕಾದರೆ 300 ವೋಲ್ಟ್ ಬೇಕು. ಹಳೆಯ ಮಿಷಿನ್‌ಗಳು ಕೊಬ್ಬಿನಲ್ಲಿ ಎಳೆದಾಡುತ್ತಿದ್ದದ್ದು ಇದಕ್ಕೇ. ಸ್ಕ್ರೀನ್ ಮೇಲೆ ಕಾಣುವ 60 ನಾವು ಕೇಳಿದ ಅಂಕಿ. ತುದಿಗೆ ತಲುಪುತ್ತಿರುವುದು ಬೇರೆ ಇರಬಹುದು.

ದೋಷ ಹುಡುಕುವವರು ಮುಖ್ಯವಾಗಿ ತಿಳಿಯಬೇಕಾದ ವಿಷಯ ಮುಂದಿದೆ. ಮಿಷಿನ್ ಅಂಗಾಂಶವನ್ನೊಂದನ್ನೇ ಅಳೆಯಲು ಆಗುವುದಿಲ್ಲ. ಸಾಕೆಟ್, ಕೇಬಲ್, ಪಿನ್, ಪೆನ್ಸಿಲ್ (ಡಾಕ್ಟರು ಕೈಯಲ್ಲಿ ಹಿಡಿಯುವ ಹಿಡಿಕೆ) ತುದಿಯ ಕರಿ, ರೋಗಿಯ ಮೈ, ಪ್ಲೇಟ್, ವಾಪಸ್ ಬರುವ ತಂತಿ ಎಲ್ಲ ಸೇರಿದ ತಡೆಯೇ ಅದಕ್ಕೆ ಕಾಣುವುದು. ಬುಟ್ಟಿ ಸಮೇತ ಮೀನು ತೂಗಿದ ಹಾಗೆ. ಬುಟ್ಟಿಯ ತೂಕ ಬದಲಾಗದೆ ಇದ್ದರೆ ಲೆಕ್ಕ ಸರಿ. ಪಿನ್‌ಗೆ ಹಸಿರು ಕಿಲುಬು ಹಿಡಿದರೆ ಮಿಷಿನ್ ಅದನ್ನೂ ಅಂಗಾಂಶ ಅಂತಲೇ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಮಿಷಿನ್ ಕೆಟ್ಟಿದೆ ಅನ್ನುವ ಮೊದಲು ಅದಕ್ಕೆ ಏನು ಕಾಣುತ್ತಿದೆ ಅಂತ ಕೇಳಿಕೊಳ್ಳಿ.

ಪ್ಲೇಟ್ ಅಲಾರಂ ನಿಲ್ಲುತ್ತಿಲ್ಲ

ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ.

"ಸರ್, ಪ್ಲೇಟ್ ಹೊಸದೇ ಹಾಕಿದ್ದೇವೆ. ಆದ್ರೂ ಕೂಗ್ತಾನೇ ಇದೆ."

"ಎಲ್ಲಿ ಅಂಟಿಸಿದ್ದೀರಿ ಸಿಸ್ಟರ್?"

"ತೊಡೆ ಮೇಲೇ."

"ಮೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಾರಾ?"

"ಹೌದಲ್ವಾ ಸರ್... ಬೆಳಿಗ್ಗೆ ಮನೆಯಲ್ಲಿ ಎಣ್ಣೆ ತಿಕ್ಕಿಯೇ ಕರ್ಕೊಂಡು ಬಂದಿದ್ರು."

ತೆಂಗಿನೆಣ್ಣೆ ನಮ್ಮ ಕಡೆ ಮೈಗೆ, ತಲೆಗೆ ದಿನದ ಅಭ್ಯಾಸ. ಕಣ್ಣಿಗೆ ಕಾಣದಷ್ಟು ತೆಳು ಪದರ ಉಳಿದರೂ ಪ್ಲೇಟ್‌ನ ಜೆಲ್ ಚರ್ಮಕ್ಕೆ ಕೂರುವುದಿಲ್ಲ. ಸೋಪು ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಹೊಸ ಪ್ಲೇಟ್ ಹಾಕಿ. ಒಮ್ಮೆ ಅಂಟಿಸಿ ಕಿತ್ತದ್ದನ್ನು ಮತ್ತೆ ಅಂಟಿಸಬೇಡಿ. ಏಪ್ರಿಲ್, ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಬೆವರು ಕೂಡ ಇದೇ ತೊಂದರೆ ಕೊಡುತ್ತದೆ. ಕೂದಲು ದಟ್ಟ ಇದ್ದರೆ ತೆಗೆಯಲೇಬೇಕು.

ಎರಡು ಭಾಗ ಇರುವ ಪ್ಲೇಟ್‌ನಲ್ಲಿ ಮಿಷಿನ್ ಒಂದು ಸಣ್ಣ ಪರೀಕ್ಷಾ ಕರೆಂಟನ್ನು ಒಂದು ಭಾಗದಿಂದ ಚರ್ಮದ ಮೂಲಕ ಇನ್ನೊಂದು ಭಾಗಕ್ಕೆ ಹರಿಸಿ ತಡೆ ಅಳೆಯುತ್ತಿರುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ 5ರಿಂದ 135 ಓಮ್ ಒಳಗಿದ್ದರೆ ಸರಿ. ಮೊದಲು ಅಳೆದ ಬೆಲೆಗಿಂತ 40 ಶೇಕಡಾ ಏರಿದರೂ ಅಲಾರಂ ಕೂಗಿ ಔಟ್‌ಪುಟ್ ನಿಲ್ಲುತ್ತದೆ. ಅಂದರೆ ಆರಂಭದಲ್ಲಿ 50 ಓಮ್ ಇದ್ದದ್ದು 70 ದಾಟುವಾಗಲೇ ಎಚ್ಚರಿಕೆ ಬರುತ್ತದೆ. ನಿಮ್ಮ ಮಿಷಿನ್‌ನ ಮಿತಿ ಅದರ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ನಂಬಿ.

ಕೇಸ್ ಮಧ್ಯದಲ್ಲಿ ಅಲಾರಂ ಶುರುವಾದರೆ ಯೋಚಿಸಬೇಕಾದ್ದು ಬೇರೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿದರಾ? ಚರ್ಮ ತೊಳೆದ ದ್ರಾವಣ ಹರಿದು ಪ್ಲೇಟ್ ಅಂಚಿಗೆ ಇಳಿಯಿತಾ? ತಂತಿಯ ಭಾರಕ್ಕೆ ಒಂದು ಮೂಲೆ ಎದ್ದಿದೆಯಾ? ಎಲುಬು ಎದ್ದು ಕಾಣುವ ಜಾಗ, ಹಳೆಯ ಗಾಯದ ಕಲೆ, ಒಳಗೆ ಲೋಹದ ರಾಡ್ ಇರುವ ತೊಡೆ, ಇವೆಲ್ಲ ಪ್ಲೇಟ್‌ಗೆ ಸರಿಯಾದ ಜಾಗಗಳಲ್ಲ. ರಕ್ತ ಚೆನ್ನಾಗಿ ಓಡುವ, ಮಾಂಸ ತುಂಬಿದ, ಆಪರೇಷನ್ ಜಾಗಕ್ಕೆ ಹತ್ತಿರದ ಜಾಗ ಬೇಕು.

ಅಲಾರಂ ಬರಬೇಕಾದಾಗ ಬರುತ್ತದೆಯೇ ಅಂತ ನೋಡುವುದೂ ಅಷ್ಟೇ ಮುಖ್ಯ. ರೋಗಿ ಇಲ್ಲದಾಗ, ಪ್ಲೇಟ್ ಸಾಕೆಟ್‌ನ ಎರಡು ಪಿನ್ ನಡುವೆ ಡಿಕೇಡ್ ಬಾಕ್ಸ್ (ಬೇಕಾದಷ್ಟು ಓಮ್ ತಡೆ ಇಟ್ಟುಕೊಳ್ಳಬಹುದಾದ ಪೆಟ್ಟಿಗೆ) ಇಟ್ಟು 50 ಓಮ್ ಕೊಡಿ. ಅಲಾರಂ ನಿಲ್ಲಬೇಕು. ನಿಧಾನಕ್ಕೆ ಏರಿಸುತ್ತ ಹೋಗಿ, ಕೈಪಿಡಿಯ ಮಿತಿಯಲ್ಲಿ ಕೂಗಬೇಕು. ಕೂಗದಿದ್ದರೆ ಆ ಮಿಷಿನ್ ಓಟಿಯಿಂದ ಹೊರಗೆ, ಉಳಿದೆಲ್ಲ ಸರಿ ಇದ್ದರೂ.

ಕೆಲವು ಕಡೆ ಇನ್ನೂ ಸ್ಟೀಲ್ ಪ್ಲೇಟ್ ಅಥವಾ ಒಂದೇ ಭಾಗದ ಪ್ಲೇಟ್ ಇದೆ. ಅದರಲ್ಲಿ ಮಿಷಿನ್‌ಗೆ ಗೊತ್ತಾಗುವುದು ತಂತಿ ಪ್ಲೇಟ್‌ವರೆಗೆ ತಲುಪಿದೆ ಅನ್ನುವುದು ಮಾತ್ರ. ಪ್ಲೇಟ್ ಮೈಗೆ ತಾಗಿದೆಯೋ, ಚಾದರದ ಮೇಲೆ ಬಿದ್ದಿದೆಯೋ ಅದಕ್ಕೆ ತಿಳಿಯುವುದಿಲ್ಲ. ಅಲಾರಂ ಇಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಇನ್ನು, ಅಲಾರಂ ಕಾಟ ತಪ್ಪಿಸಲು ಪ್ಲೇಟ್ ಕನೆಕ್ಟರ್‌ನ ಪಿನ್‌ಗಳನ್ನು ತಂತಿಯಿಂದ ಸೇರಿಸಿಟ್ಟದ್ದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಬೇರೆಯವರು ಮಾಡಲೂ ಬಿಡಬೇಡಿ. ಮೈಮೇಲೆ ಎಚ್ಚರ ಇಲ್ಲದೆ ಮಲಗಿದವರಿಗೆ ಸುಡುತ್ತಿದೆ ಅಂತ ಹೇಳಲು ಆಗುವುದಿಲ್ಲ. ಅವರ ಪರವಾಗಿ ಹೇಳುವುದು ಆ ಅಲಾರಂ ಒಂದೇ.

ಉಪ್ಪುಗಾಳಿ ಮತ್ತು ಕೇಬಲ್

ಕಾರವಾರದಿಂದ ಭಟ್ಕಳದವರೆಗೆ ಸಮುದ್ರ ಕೂಗಳತೆಯಲ್ಲಿದೆ. ಹಿತ್ತಾಳೆ, ತಾಮ್ರದ ಪಿನ್‌ಗಳಿಗೆ ಕಿಲುಬು ಹಿಡಿಯುವುದು ಇಲ್ಲಿ ತಡೆಯಲಾಗದ ಸಂಗತಿ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಕೇಬಲ್ ಮೇಲೂ ಬೂಷ್ಟು ಬರುತ್ತದೆ.

ಲಕ್ಷಣ ಹೀಗಿರುತ್ತದೆ: ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಪೆನ್ಸಿಲ್ ಒಂದು ಕೋನದಲ್ಲಿ ಹಿಡಿದರೆ ಸರಿ, ಕೈ ತಿರುಗಿಸಿದರೆ ಸತ್ತುಹೋಗುತ್ತದೆ. ಇದು ಹೆಚ್ಚಾಗಿ ಕೇಬಲ್ ಒಳಗೆ, ಪ್ಲಗ್ ಬಳಿ ಎಳೆಗಳು ತುಂಡಾದ ದೋಷ. ಮಿಷಿನ್ ಆಫ್ ಮಾಡಿ, ಕೇಬಲ್ ಬಿಡಿಸಿ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಎರಡು ತುದಿ ಹಿಡಿಯಿರಿ. ಒಳ್ಳೆಯ ಕೇಬಲ್ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಅಷ್ಟಕ್ಕೇ ಬಿಡಬೇಡಿ. ಪ್ಲಗ್ ಹತ್ತಿರ ಮತ್ತು ಹಿಡಿಕೆ ಹತ್ತಿರ ಮೆಲ್ಲಗೆ ಬಗ್ಗಿಸುತ್ತ ಅಂಕಿ ನೋಡಿ. ಕುಣಿದರೆ ಕೇಬಲ್ ಬಿಸಾಡಿ. ಟೇಪ್ ಸುತ್ತಿ ಉಳಿಸುವ ವಸ್ತು ಅದಲ್ಲ. ಪದೇ ಪದೇ ಆಟೋಕ್ಲೇವ್ ಆದ (ಬಿಸಿ ಹಬೆಯಲ್ಲಿ ಶುದ್ಧಿ ಮಾಡಿದ) ಕೇಬಲ್‌ಗೆ ಆಯುಷ್ಯ ಇದೆ, ಎಷ್ಟು ಸಲ ಅಂತ ತಯಾರಕರು ಬರೆದಿರುತ್ತಾರೆ.

ಪಿನ್ ಸ್ವಚ್ಛ ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಆದರೆ ಓಟಿಯ ಹೊರಗೆ ಮಾಡಿ, ಪೂರ್ತಿ ಆರಿದ ಮೇಲೆ ಹಾಕಿ. ಸ್ಪಿರಿಟ್ ಆವಿ ಇರುವ ಕಡೆ ಕಾಟರಿ ಕಿಡಿ ಬಿದ್ದರೆ ಬೆಂಕಿ. ರೋಗಿಯ ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ದ್ರಾವಣಕ್ಕೂ ಇದೇ ಮಾತು.

ಇನ್ನೊಂದು ಅಭ್ಯಾಸ ಬಿಡಿಸಬೇಕು. ಉದ್ದ ಕೇಬಲ್ ಕಾಲಿಗೆ ಸಿಗಬಾರದು ಅಂತ ಟವಲ್ ಕ್ಲಿಪ್‌ಗೆ ಸುತ್ತಿಡುತ್ತಾರೆ. ಇಷ್ಟು ವೇಗದ ವಿದ್ಯುತ್ತು ಇನ್ಸುಲೇಷನ್ ದಾಟಿ ಕ್ಲಿಪ್‌ಗೆ ಸ್ವಲ್ಪ ಸ್ವಲ್ಪ ಹರಿಯುತ್ತದೆ. ಆ ಪಾಲು ತುದಿಗೆ ತಲುಪುವುದಿಲ್ಲ, ಆದರೆ ಮಿಷಿನ್ ಲೆಕ್ಕದಲ್ಲಿ ಅದೂ ಅಂಗಾಂಶಕ್ಕೆ ಹೋದದ್ದೇ. ಕ್ಲಿಪ್ ಚರ್ಮ ಕಚ್ಚಿದ ಜಾಗದಲ್ಲಿ ಸುಡಲೂಬಹುದು.

ತುದಿಯ ಕರಿ

ಇದು ಸಣ್ಣ ವಿಷಯ, ಬೇಗ ಹೇಳುತ್ತೇನೆ. ತುದಿಗೆ ಅಂಟಿದ ಸುಟ್ಟ ಅಂಗಾಂಶ ತಡೆ ಏರಿಸುತ್ತದೆ. ಮಿಷಿನ್ ಒಣಗಿದ ಅಂಗಾಂಶ ಅಂತ ತಿಳಿದು ಔಟ್‌ಪುಟ್ ಬದಲಿಸುತ್ತದೆ, ಕೊನೆಗೆ ಕರಿಯೇ ಕೆಂಡವಾಗುತ್ತದೆ. ಕೇಸ್ ನಡೆಯುವಾಗಲೇ ಆಗಾಗ ಒರೆಸಿ. ಕೋಟಿಂಗ್ ಇರುವ ತುದಿಯನ್ನು ಬ್ಲೇಡ್‌ನಿಂದ ಕೆರೆಯಬೇಡಿ, ಒದ್ದೆ ಗಾಜ್ ಸಾಕು.

ನೀರು, ರಕ್ತ, ಸಲೈನ್

ಮಿಷಿನ್ ಬೇರೆ ಎಲ್ಲ ಕೇಸ್‌ನಲ್ಲೂ ಚೆನ್ನಾಗಿದೆ, ಪ್ರಾಸ್ಟೇಟ್ ಕೆಲಸದಲ್ಲಿ ಮಾತ್ರ ಕತ್ತರಿಸುತ್ತಿಲ್ಲ. ಈ ದೂರು ಬಂದರೆ ಮಿಷಿನ್ ಮುಟ್ಟುವ ಮೊದಲು ಸ್ಟ್ಯಾಂಡ್‌ನಲ್ಲಿ ತೂಗುತ್ತಿರುವ ಬಾಟಲಿಯ ಹೆಸರು ಓದಿ. ಮೊನೊಪೋಲಾರ್ ಲೂಪ್‌ನಲ್ಲಿ (ವಿದ್ಯುತ್ತು ಮೈಯ ಮೂಲಕ ಪ್ಲೇಟ್ ಕಡೆಗೆ ವಾಪಸ್ ಹೋಗುವ ಬಗೆಯ ಕತ್ತರಿಸುವ ತಂತಿ ಉಂಗುರ) ಕೆಲಸ ಮಾಡುವಾಗ ವಿದ್ಯುತ್ತು ಹರಿಯಲು ಬಿಡದ ದ್ರಾವಣ ಬೇಕು, ಸಾಮಾನ್ಯವಾಗಿ 1.5 ಶೇಕಡಾ ಗ್ಲೈಸಿನ್. ಅದರ ಬದಲು ಸಲೈನ್ ತೂಗುಹಾಕಿದರೆ ವಿದ್ಯುತ್ತು ಉಪ್ಪುನೀರಿನಲ್ಲೆಲ್ಲ ಹರಡಿಹೋಗುತ್ತದೆ. ಮಿಷಿನ್‌ಗೆ ತಡೆ ಬಹಳ ಕಡಿಮೆ ಕಾಣುತ್ತದೆ, ಲೂಪ್ ತುದಿಯಲ್ಲಿ ಕಿಡಿಯೇ ಹುಟ್ಟುವುದಿಲ್ಲ. ಬೈಪೋಲಾರ್ ಲೂಪ್‌ಗೆ (ವಿದ್ಯುತ್ತು ಉಪಕರಣದ ತುದಿಯಲ್ಲೇ ಹೋಗಿ ವಾಪಸ್ ಬರುವ ಬಗೆ) ಉಲ್ಟಾ, ಅದಕ್ಕೆ ಸಲೈನೇ ಬೇಕು. ದ್ರಾವಣ ಬದಲಿಸುವ ತೀರ್ಮಾನ ಡಾಕ್ಟರದ್ದು. ನಮ್ಮ ಕೆಲಸ ಕೂಡಲೇ ಹೇಳುವುದು.

ರಕ್ತ ತುಂಬಿದ ಜಾಗದಲ್ಲೂ ಹೀಗೇ. ರಕ್ತ ಚೆನ್ನಾಗಿ ವಿದ್ಯುತ್ತು ಹರಿಸುತ್ತದೆ, ಬಿಸಿ ಹರಡಿ ತೆಳುವಾಗುತ್ತದೆ. ಸಕ್ಷನ್ ಮಾಡಿ, ಗಾಜ್‌ನಿಂದ ಒತ್ತಿದ ಮೇಲೆ ನೋಡಿ.

ಬೈಪೋಲಾರ್ ಫೋರ್ಸೆಪ್ಸ್ ಕೆಲಸ ಮಾಡುತ್ತಿಲ್ಲ ಅನ್ನುವ ದೂರಿನಲ್ಲಿ, ಅದನ್ನು ಹೇಗೆ ಹಿಡಿದಿದ್ದಾರೆ ಅಂತ ಗಮನಿಸಿ. ಜೋರಾಗಿ ಒತ್ತಿದರೆ ಎರಡು ತುದಿ ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ. ತಡೆ ಸೊನ್ನೆ ಹತ್ತಿರ ಕಂಡಾಗ ಮಿಷಿನ್ ಶಕ್ತಿ ಕೊಡುವುದನ್ನೇ ಕಡಿಮೆ ಮಾಡುತ್ತದೆ. ತುದಿಗಳ ನಡುವೆ ಅಂಗಾಂಶ ಇರಬೇಕು, ಸಡಿಲವಾಗಿ.

ರಕ್ತನಾಳ ಮುಚ್ಚುವ ಉಪಕರಣ

ತಡೆಯನ್ನು ಅಳೆಯುವ ಜಾಣತನ ಪೂರ್ತಿ ಕಾಣುವುದು ಇಲ್ಲಿ. ಉಪಕರಣದ ಇಕ್ಕಳದಂಥ ಬಾಯಿ, ಅಂದರೆ ಅದರ ದವಡೆ, ರಕ್ತನಾಳವನ್ನು ಒತ್ತಿ ಹಿಡಿಯುತ್ತದೆ. ಬಿಸಿ ಏರಿದಂತೆ ಮೊದಲು ತಡೆ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಬಿಸಿಯಾದ ದ್ರವದಲ್ಲಿ ಅಯಾನುಗಳು ಸಲೀಸಾಗಿ ಓಡಾಡುತ್ತವೆ. 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಪ್ರೋಟೀನ್ ತನ್ನ ರೂಪ ಕಳೆದುಕೊಳ್ಳತೊಡಗುತ್ತದೆ. 100 ಹತ್ತಿರ ನೀರು ಆವಿಯಾಗುತ್ತದೆ, ತಡೆ ಸರ್ರನೆ ಏರುತ್ತದೆ. ಈ ಇಳಿತ, ಏರಿಕೆಯ ಗೆರೆಯನ್ನು ಹಿಂಬಾಲಿಸಿ ಮಿಷಿನ್ ಶಕ್ತಿ ಕೊಡುತ್ತದೆ, ತಡೆಯುತ್ತದೆ. ನಾಳದ ಗೋಡೆಗಳ ಕೊಲ್ಯಾಜನ್ ಅನ್ನುವ ಪ್ರೋಟೀನ್ ಕರಗಿ ಒಂದಾಗಿದೆ ಅಂತ ಕಂಡಾಗ ನಿಲ್ಲಿಸಿ ಬೀಪ್ ಕೊಡುತ್ತದೆ. ಈ ಬಗೆಯ ಹಲವು ಉಪಕರಣಗಳು 7 ಮಿಲಿಮೀಟರ್‌ವರೆಗಿನ ನಾಳಕ್ಕೆ ಒಪ್ಪಿಗೆ ಪಡೆದಿವೆ.

ಈಗ ದೋಷ. ಬೀಪ್ ಬೇಗ ಬಂತು, ಆದರೆ ಸೀಲ್ ಹಸಿಯಾಗಿದೆ, ರಕ್ತ ಜಿನುಗುತ್ತಿದೆ. ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ, ಯಾಕೆಂದರೆ ಮಿಷಿನ್ ಎಲ್ಲ ಸರಿ ಅನ್ನುತ್ತಿದೆ. ಸಡಿಲ ಪಿನ್‌ನಿಂದ ತಡೆ ಒಮ್ಮೆಲೇ ಜಿಗಿದರೆ ಅದು ಮಿಷಿನ್‌ಗೆ ಅಂಗಾಂಶ ಒಣಗಿದ ಹಾಗೆ ಕಾಣಬಹುದು. ದವಡೆಗೆ ಅಂಟಿದ ಕರಿಯೂ ಹಾಗೆಯೇ ದಾರಿ ತಪ್ಪಿಸುತ್ತದೆ. ಮೊದಲು ದವಡೆ ಒರೆಸಿ, ಕನೆಕ್ಟರ್ ಬಿಡಿಸಿ ಮತ್ತೆ ಗಟ್ಟಿಯಾಗಿ ಕೂರಿಸಿ.

ಬೀಪ್ ಬರುವುದೇ ಇಲ್ಲ, ಅಥವಾ ಮತ್ತೆ ಹಿಡಿಯಿರಿ ಅನ್ನುವ ಸೂಚನೆ ಬರುತ್ತಿದೆ ಅಂದರೆ ದವಡೆಯಲ್ಲಿ ಅಂಗಾಂಶ ಜಾಸ್ತಿ ಆಗಿರಬಹುದು, ಸುತ್ತ ದ್ರವ ನಿಂತಿರಬಹುದು. ಹಳೆಯ ಲೋಹದ ಕ್ಲಿಪ್ಪೋ ಸ್ಟೇಪಲ್ಲೋ ಒಳಗೆ ಸಿಕ್ಕಿದರೆ ವಿದ್ಯುತ್ತು ಅಂಗಾಂಶ ಬಿಟ್ಟು ಅದರ ಮೂಲಕವೇ ಹೋಗುತ್ತದೆ.

ಒಂದೇ ಸಲ ಬಳಸಬೇಕಾದ, ದವಡೆ ಇರುವ ಹ್ಯಾಂಡ್‌ಪೀಸನ್ನು ತೊಳೆದು ಮತ್ತೆ ಬಳಸುವುದು ನಮ್ಮ ಕಡೆಯೂ ಇದೆ. ಅದರ ಬೆಲೆ ನನಗೂ ಗೊತ್ತು, ಸಣ್ಣ ಆಸ್ಪತ್ರೆಯ ಕಷ್ಟವೂ ಗೊತ್ತು. ಆದರೂ ಹೇಳಲೇಬೇಕು. ದವಡೆಯ ಒತ್ತಡ ಸಡಿಲವಾದರೆ, ಕೀಲಿನ ಇನ್ಸುಲೇಷನ್ ಸವೆದರೆ, ಮಿಷಿನ್ ಯಾವ ಗೆರೆಗೆ ಹೋಲಿಸಿ ನಿಲ್ಲಿಸುತ್ತದೋ ಆ ಗೆರೆಯೇ ಬದಲಾಗಿರುತ್ತದೆ. ಸೀಲ್ ಸರಿಯಾಗುತ್ತಿಲ್ಲ ಅನ್ನುವ ದೂರು ಬಂದರೆ ಹೊಸ ಹ್ಯಾಂಡ್‌ಪೀಸ್ ಹಾಕಿ ನೋಡದೆ ಮಿಷಿನ್ ಮೇಲೆ ತಪ್ಪು ಹೊರಿಸಬೇಡಿ.

ಅಳೆದು ನೋಡುವುದು

ಕೋಳಿ ಮಾಂಸದ ತುಂಡನ್ನು ಪ್ಲೇಟ್ ಮೇಲಿಟ್ಟು ಕತ್ತರಿಸಿ ನೋಡುವುದು ಎಲ್ಲ ಕಡೆ ಇದೆ. ಮಿಷಿನ್ ಸತ್ತಿದೆಯೋ ಬದುಕಿದೆಯೋ ಅಷ್ಟು ತಿಳಿಯುತ್ತದೆ. ಎಷ್ಟು ವ್ಯಾಟ್ ಬರುತ್ತಿದೆ ಅಂತ ತಿಳಿಯಲು ಎಲೆಕ್ಟ್ರೋಸರ್ಜಿಕಲ್ ಅನಲೈಸರ್ ಬೇಕು. ಸಾಮಾನ್ಯ ಮಲ್ಟಿಮೀಟರ್‌ನಿಂದ ಔಟ್‌ಪುಟ್ ಅಳೆಯಲು ಹೋಗಬೇಡಿ. ಅದು 50 ಹರ್ಟ್ಸ್‌ಗೆ ಮಾಡಿದ್ದು, ಈ ವೇಗಕ್ಕೆ ಸುಳ್ಳು ಅಂಕಿ ಕೊಡುತ್ತದೆ, ಸುಟ್ಟೂ ಹೋಗಬಹುದು.

ಅಂಗಡಿಯಲ್ಲಿ ಸಿಗುವ ತಂತಿ ಸುತ್ತಿದ ರೆಸಿಸ್ಟರನ್ನು ಲೋಡ್ (ಅಂಗಾಂಶದ ಬದಲು ಇಡುವ ತಡೆ) ಮಾಡಿಕೊಳ್ಳುವುದೂ ಬೇಡ. ಅದು ಒಂದು ಸುರುಳಿಯೂ ಹೌದು. 10 ಮೈಕ್ರೋಹೆನ್ರಿ ಸುರುಳಿ 450 ಕಿಲೋಹರ್ಟ್ಸ್‌ನಲ್ಲಿ 28 ಓಮ್ ಹೆಚ್ಚುವರಿ ತಡೆಯಂತೆ ವರ್ತಿಸುತ್ತದೆ. ಹೀಗೆ ಸುರುಳಿಯ ಗುಣ (ಇಂಡಕ್ಟನ್ಸ್) ಇಲ್ಲದ ಲೋಡ್ ಬೇಕು.

50 ವ್ಯಾಟ್ ಇಟ್ಟು, ಕೈಪಿಡಿ ಹೇಳಿದ ಲೋಡ್‌ನಲ್ಲಿ ಅಳೆಯಿರಿ. ಕಟ್, ಅಂದರೆ ಕತ್ತರಿಸುವ ಮೋಡ್‌ಗೆ ಅದು ಹೆಚ್ಚಾಗಿ 300 ಓಮ್ ಇರುತ್ತದೆ. 20 ಶೇಕಡಾ ಆಚೀಚೆ, ಅಂದರೆ 40ರಿಂದ 60 ವ್ಯಾಟ್ ಬಂದರೆ ಒಪ್ಪಬಹುದು. ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ, ಆದರೆ ಅಂಗಾಂಶ ಓದುವ ಭಾಗ ಸರಿ ಇದೆಯೇ ಅಂತ ಇದರಿಂದ ತಿಳಿಯುವುದಿಲ್ಲ. ಅದಕ್ಕೆ 100, 300, 500, 1000 ಓಮ್ ಹೀಗೆ ಲೋಡ್ ಬದಲಿಸುತ್ತ ಅಳೆದು, ಕೈಪಿಡಿಯ ಗ್ರಾಫ್ ಪಕ್ಕ ಇಟ್ಟು ನೋಡಿ. ಎಲ್ಲ ಲೋಡ್‌ನಲ್ಲೂ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಕ್ಯಾಲಿಬ್ರೇಷನ್ ಅಥವಾ ಪವರ್ ಭಾಗ ನೋಡಬೇಕು. 300ರಲ್ಲಿ ಸರಿ ಇದ್ದು ಮೇಲಿನ ತುದಿಯಲ್ಲೋ ಕೆಳಗಿನ ತುದಿಯಲ್ಲೋ ಮಾತ್ರ ಗ್ರಾಫ್‌ಗಿಂತ ಕುಸಿದರೆ ವೋಲ್ಟೇಜ್, ಕರೆಂಟ್ ಅಳೆಯುವ ಭಾಗದ ಮೇಲೆ ಅನುಮಾನ ಪಡಬೇಕು. ಇಲ್ಲಿಂದ ಮುಂದೆ ಕವಚ ಬಿಚ್ಚುವ ಕೆಲಸ. ಒಳಗೆ ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ. ತರಬೇತಿ ಆದವರಿಗೇ ಬಿಡಿ.

ಕರೆಂಟು ಮತ್ತು ತೇವ

ಮಳೆಗಾಲದಲ್ಲಿ ಲೈನ್ ವೋಲ್ಟೇಜ್ ಕುಸಿದಾಗ, ಜನರೇಟರ್‌ಗೆ ಬದಲಾದಾಗ ಮಿಷಿನ್ ಎರರ್ ತೋರಿಸಿ ನಿಲ್ಲುವುದುಂಟು. ಸೆಲ್ಫ್ ಟೆಸ್ಟ್ ಮತ್ತೆ ಮಾಡಿಸಿ. ಆ ಹೊತ್ತಿನ ಸಾಕೆಟ್ ವೋಲ್ಟೇಜ್ ಬರೆದಿಡಿ. ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ತಡೆ ಏರುತ್ತದೆ. ವರ್ಷಕ್ಕೊಮ್ಮೆ ಅಳೆಸುವುದಾದರೆ ಮೇ ತಿಂಗಳಲ್ಲಿ ಅಳೆಸಿ, ಮಳೆ ಬಿದ್ದ ಮೇಲಲ್ಲ.

ಎಸಿ ಓಟಿಯ ತಣ್ಣಗಿನ ಮಿಷಿನ್ನನ್ನು ಹೊರಗಿನ ಕಾರಿಡಾರಿಗೆ ತಂದ ಕೂಡಲೇ ಆನ್ ಮಾಡಬೇಡಿ. ಒಳಗಿನ ಬೋರ್ಡ್ ಮೇಲೆ ಹನಿ ಕೂತಿರಬಹುದು. ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಬಿಡಿ.

ಇಂಜಿನಿಯರ್‌ಗೆ ಫೋನ್ ಮಾಡುವಾಗ

"ಮಿಷಿನ್ ಕೆಲಸ ಮಾಡ್ತಿಲ್ಲ" ಅಂದರೆ ಹುಬ್ಬಳ್ಳಿಯಲ್ಲಿ ಕೂತವರಿಗೆ ಏನೂ ತಿಳಿಯುವುದಿಲ್ಲ. ಯಾವ ಮೋಡ್, ಎಷ್ಟು ವ್ಯಾಟ್, ಯಾವ ಅಂಗಾಂಶದಲ್ಲಿ ಕೆಲಸ ನಡೆಯುತ್ತಿತ್ತು, ಸುತ್ತ ಯಾವ ದ್ರವ ಇತ್ತು, ಪ್ಲೇಟ್ ಎಲ್ಲಿತ್ತು, ಯಾವ ಎರರ್ ಕೋಡ್ ಬಂತು, ಬೇರೆ ಕೇಬಲ್ ಹಾಕಿದಾಗ ಏನಾಯಿತು ಅಂತ ಹೇಳಿ. ದೋಷ ಕಂಡ ದಿನದ ಪ್ಲೇಟ್, ಕೇಬಲ್, ಹ್ಯಾಂಡ್‌ಪೀಸ್ ಬಿಸಾಡದೆ ಒಂದು ಚೀಲದಲ್ಲಿ ದಿನಾಂಕ ಬರೆದು ಇಡಿ. ಪ್ಲೇಟ್ ತೆಗೆದ ಮೇಲೆ ಚರ್ಮ ಕೆಂಪಾಗಿದ್ದರೆ ಕೇಸ್ ಶೀಟ್‌ನಲ್ಲಿ ಬರೆಯಿರಿ, ಡಾಕ್ಟರಿಗೆ ತೋರಿಸಿ. ಕಾರಣ ಸಿಗುವವರೆಗೆ ಮಿಷಿನ್ ಮೇಲೆ "ಬಳಸಬೇಡಿ" ಅಂತ ಚೀಟಿ ಅಂಟಿಸಿ, ಪವರ್ ಕಾರ್ಡ್ ಬಿಡಿಸಿ ಬೇರೆ ಇಡಿ. ಚೀಟಿ ಮಾತ್ರ ಇದ್ದರೆ ರಾತ್ರಿಯ ಎಮರ್ಜೆನ್ಸಿ ಕೇಸ್‌ಗೆ ಗಡಿಬಿಡಿಯಲ್ಲಿ ಅದೇ ಮಿಷಿನ್ ಟೇಬಲ್ ಪಕ್ಕಕ್ಕೆ ಬಂದುಬಿಡುತ್ತದೆ.